ಹಿತ್ತಲ ಗಿಡವೂ ಮದ್ದೇ: ರೇಗನ್ಸ್‌ಬರ್ಗ್‌ನ ಚಳಿಗಾಲದಲ್ಲೊಂದು ಕೈತೋಟ

ದೀಪಾವಳಿಯ ಹಣತೆ ತೊಳೆದು, ರಾಜ್ಯೋತ್ಸವದ ಬಾವುಟ ಮಡಚಿ ಒಳಗಿಡುವ ಹೊತ್ತಿಗೆ ನಮ್ಮೂರಿನಲ್ಲಿ ಸೂರ್ಯನೂ ರಜೆ ಹಾಕಿ ಹೊರಟಿರುತ್ತಾನೆ. ರೇಗನ್ಸ್‌ಬರ್ಗ್ ಡ್ಯಾನ್ಯೂಬ್ ನದಿಯ ದಂಡೆಯ ಊರು. ನಾಬ್ ಮತ್ತು ರೇಗನ್ ಎಂಬ ಇನ್ನೆರಡು ನದಿಗಳು ಬಂದು ಸೇರುವುದೂ ಇಲ್ಲಿಯೇ. ಮೂರು ನದಿಗಳ ಊರೆಂದರೆ ಕೇಳಲು ಚೆಂದ. ಆದರೆ ನವೆಂಬರ್ ಬಂತೆಂದರೆ ಆ ನದಿಗಳೇ ಮಂಜನ್ನು ಹೊದಿಸಿಬಿಡುತ್ತವೆ. ಹನ್ನೆರಡನೆಯ ಶತಮಾನದ ಕಲ್ಲಿನ ಸೇತುವೆಯ ಮೇಲೆ ನಿಂತರೆ ಎದುರಿನ ಕ್ಯಾಥೆಡ್ರಲ್ಲಿನ ಜೋಡಿ ಗೋಪುರಗಳೇ ಕಾಣದ ದಿನಗಳುಂಟು.

ಇಂಥ ಊರಿನಲ್ಲಿ ಚಳಿಗಾಲದಲ್ಲಿ ತೋಟ ಮಾಡುತ್ತೇನೆಂದರೆ ನನ್ನ ಸ್ನೇಹಿತರು ನಗುತ್ತಾರೆ. "ಡಾಕ್ಟ್ರೇ, ಫ್ರಿಜ್ಜಿನೊಳಗೆ ಗದ್ದೆ ನಾಟಿ ಮಾಡ್ತೀರಾ?" ಎಂದು ಒಬ್ಬರು ಕೇಳಿದ್ದೂ ಇದೆ. ಹತ್ತಾರು ವರ್ಷ ಗಿಡಗಳನ್ನು ಕೊಂದು ಕೊಂದು ಕಲಿತವನ ಅನುಭವ ಇದು. ರೋಗಿಗಳ ವಿಷಯದಲ್ಲಿ ಹೀಗೆ ಹೇಳಿಕೊಳ್ಳುವಂತಿಲ್ಲ. ಗಿಡಗಳ ವಿಷಯದಲ್ಲಿ ಧೈರ್ಯವಾಗಿ ಹೇಳಬಹುದು!

ಅಮ್ಮ ಬಂದ ಚಳಿಗಾಲ

ಈ ಹವ್ಯಾಸ ನನಗೆ ಹತ್ತಿದ್ದು ಅಮ್ಮನಿಂದ. 2012ರ ನವೆಂಬರಿನಲ್ಲಿ, ಅಪ್ಪನ ವರ್ಷಾಂತಿಕ ಮುಗಿದ ಮೇಲೆ, ಸಾಗರದ ಕಡೆಯ ನಮ್ಮ ಹಳ್ಳಿಯ ಮನೆಗೆ ಬೀಗ ಹಾಕಿಸಿ ಅಮ್ಮನನ್ನು ಕರೆತಂದೆ. ವೀಸಾ ಸಿಕ್ಕಿದ್ದು 90 ದಿನಕ್ಕೆ. ಜರ್ಮನಿಯಲ್ಲಿ ಸೂರ್ಯ ತೀರ ಕಡಿಮೆ ಕಂಡ ಚಳಿಗಾಲಗಳಲ್ಲಿ ಅದೂ ಒಂದು. ಮೊದಲ ವಾರ ಅಮ್ಮ ಹಿಮ ನೋಡಿ ಮಗುವಿನಂತೆ ಖುಷಿಪಟ್ಟರು. ಎರಡನೆಯ ವಾರ, "ಇದೆಂಥ ಊರು ಮಾರಾಯ, ಬೆಳಗಾಯ್ತೋ ಇಲ್ವೋ ಅಂತ ಗಡಿಯಾರ ನೋಡಿ ತಿಳ್ಕೋಬೇಕಲ್ಲ" ಎಂದರು. ಮೂರನೆಯ ವಾರ ಏನೂ ಹೇಳಲಿಲ್ಲ. ನಾಲ್ಕನೆಯ ವಾರದಲ್ಲಿ ಮಧ್ಯಾಹ್ನವಿಡೀ ಮಲಗಿಯೇ ಇರತೊಡಗಿದರು. ಹತ್ತು ಜನಕ್ಕೆ ಬಡಿಸಿ ಉಣ್ಣುತ್ತಿದ್ದ ಹೆಂಗಸು ಎರಡು ತುತ್ತಿಗೆ ಕೈತೊಳೆಯತೊಡಗಿದರು.

ಮಗನಾಗಿ ಗಾಬರಿಯಾಯಿತು, ವೈದ್ಯನಾಗಿ ರಕ್ತಪರೀಕ್ಷೆ ಮಾಡಿಸಿದೆ. ಡಿ ಜೀವಸತ್ವ ತಳ ಕಂಡಿತ್ತು. ಮಾತ್ರೆ ಶುರು ಮಾಡಿದೆ. ಅದೇ ವಾರ ಒಂದು ಸಂಜೆ ಆಸ್ಪತ್ರೆಯಿಂದ ಬಂದಾಗ ಅಮ್ಮ ಅಡಿಗೆಮನೆಯ ಕಿಟಕಿಯ ಬಳಿ ನಿಂತಿದ್ದರು. ನನ್ನ ಹೆಂಡತಿ ಬಿಸಾಡಲು ಇಟ್ಟಿದ್ದ, ಅಣಬೆ ತುಂಬಿ ಬಂದಿದ್ದ ಪ್ಲಾಸ್ಟಿಕ್ ತಟ್ಟೆಗೆ ಮಣ್ಣು ತುಂಬಿ, ಡಬ್ಬಿಯ ಮೆಂತ್ಯವನ್ನು ನೆನೆಹಾಕಿ ಬಿತ್ತಿದ್ದರು. "ಮೊಳಕೆ ಬಂದ್ರೆ ಬರ್ಲಿ, ಇಲ್ದಿದ್ರೆ ಒಂದು ಹಿಡಿ ಮೆಂತ್ಯ ಹೋಯ್ತು ಅಷ್ಟೇ" ಎಂದರು. ಹನ್ನೆರಡು ದಿನಕ್ಕೆ ಸೊಪ್ಪು ಬಂತು. ಅದರ ತಂಬುಳಿ ಮಾಡಿ ಅಮ್ಮ ಮೊದಲ ಬಾರಿಗೆ ಎರಡನೆಯ ಸಲ ಅನ್ನ ಬಡಿಸಿಕೊಂಡರು.

ಗುಣವಾದದ್ದು ಮಾತ್ರೆಯಿಂದಲೋ ಮೆಂತ್ಯದಿಂದಲೋ ಹೇಳಲಾರೆ. ಎರಡನ್ನೂ ಒಟ್ಟಿಗೆ ಶುರು ಮಾಡಿದ್ದರಿಂದ ಸಾಕ್ಷ್ಯ ಕೆಟ್ಟುಹೋಯಿತು! ಆದರೆ ಮರುದಿನದಿಂದ ಅಮ್ಮನಿಗೆ ಬೆಳಗಾದರೆ ಏಳಲು ಒಂದು ಕಾರಣವಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾನು ಅಂದಿನಿಂದ ನಂಬುವುದನ್ನು ಬಿಟ್ಟೆ.

ಕೊರತೆ ಇರುವುದು ಬೆಳಕಿನದು

ನಾವು ಚಳಿಯೇ ಶತ್ರು ಎಂದುಕೊಳ್ಳುತ್ತೇವೆ. ಅದು ಅರ್ಧ ಸತ್ಯ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ರೇಗನ್ಸ್‌ಬರ್ಗ್ 49ರಲ್ಲಿ. ಡಿಸೆಂಬರ್ 21ರ ಸುಮಾರಿಗೆ ಬೆಂಗಳೂರಿನಲ್ಲಿ ಹಗಲು 11 ಗಂಟೆ 20 ನಿಮಿಷವಾದರೆ ಇಲ್ಲಿ 8 ಗಂಟೆ 10 ನಿಮಿಷದ ಆಸುಪಾಸು. ಅಂದಿನ ನಡುಹಗಲಿಗೆ ಸೂರ್ಯ ಅಲ್ಲಿ 53 ಡಿಗ್ರಿ ಮೇಲಿದ್ದರೆ ಇಲ್ಲಿ ಬರೀ 17 ಡಿಗ್ರಿ. ಎದುರುಮನೆಯ ಮಾಡಿನ ಮೇಲೆ ಹಣಕಿ ನೋಡಿ ಹೋದಂತೆ. ಹಗಲು ಹತ್ತು ಗಂಟೆಗಿಂತ ಕಡಿಮೆಯಾದರೆ ಹೊರಗಿನ ಸೊಪ್ಪುತರಕಾರಿಗಳು ಬೆಳೆಯುವುದನ್ನು ಹೆಚ್ಚು ಕಡಿಮೆ ನಿಲ್ಲಿಸಿಬಿಡುತ್ತವೆ ಎಂದು ತೋಟಗಾರರು ಹೇಳುತ್ತಾರೆ. ನಮ್ಮಲ್ಲಿ ಈ ಅವಧಿ ನವೆಂಬರ್ ಆರಂಭದಿಂದ ಫೆಬ್ರವರಿ ಎರಡನೆಯ ವಾರದವರೆಗೆ.

ಮನುಷ್ಯರ ಕಥೆಯೂ ಬೇರೆಯಲ್ಲ. ಅಕ್ಟೋಬರಿನಿಂದ ಮಾರ್ಚಿಯವರೆಗೆ ಜರ್ಮನಿಯ ಬಿಸಿಲು ಚರ್ಮದಲ್ಲಿ ಸಾಕಷ್ಟು ಡಿ ಜೀವಸತ್ವ ತಯಾರಿಸಲು ಸಾಲದು ಎಂದು ಇಲ್ಲಿನ ರಾಬರ್ಟ್ ಕಾಖ್ ಸಂಸ್ಥೆಯೇ ಹೇಳುತ್ತದೆ. ನಮ್ಮ ಕಂದು ಚರ್ಮಕ್ಕೆ ಇನ್ನೂ ಹೆಚ್ಚು ಬಿಸಿಲು ಬೇಕು. ಕಿಟಕಿಯ ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸಿಕೊಂಡರೆ ಬೆಚ್ಚಗಾಗುತ್ತದೆ ಅಷ್ಟೇ. ಡಿ ಜೀವಸತ್ವಕ್ಕೆ ಬೇಕಾದ ಅತಿನೇರಳೆ ಕಿರಣಗಳನ್ನು ಗಾಜು ತಡೆಯುತ್ತದೆ. ದೇಹದಲ್ಲಿ ಉತ್ಪತ್ತಿಯಾಗದಿದ್ದಾಗ ದೊಡ್ಡವರಿಗೆ ದಿನಕ್ಕೆ 20 ಮೈಕ್ರೋಗ್ರಾಂ, ಅಂದರೆ 800 ಯುನಿಟ್ ಬೇಕೆಂಬುದು ಜರ್ಮನ್ ಪೋಷಣಾ ಸಂಘದ ಅಂದಾಜು. ಊರಿನಿಂದ ಬರುವ ಅಪ್ಪ ಅಮ್ಮಂದಿರಿಗೆ ಸ್ವೆಟರ್ ಕೊಡಿಸುವಾಗ ಇದನ್ನೂ ನೆನಪಿಡಿ. ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಜಾಸ್ತಿ ನುಂಗಿದರೆ ಜಾಸ್ತಿ ಒಳ್ಳೆಯದೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ವೈದ್ಯರೂ ಗಿಡಗಳೂ

ಈ ಊರಿಗೂ ಗಿಡಗಳಿಗೂ ಹಳೆಯ ನಂಟು. 1790ರಲ್ಲಿ ಡೇವಿಡ್ ಹೈನ್ರಿಶ್ ಹೊಪ್ಪೆ ಎಂಬವರು ಇಲ್ಲಿ ಸ್ಥಾಪಿಸಿದ ಸಸ್ಯಶಾಸ್ತ್ರ ಸಂಘ ಇಂದಿಗೂ ಇದೆ. ಈಗ ಉಳಿದಿರುವ ಇಂಥ ಸಂಘಗಳಲ್ಲಿ ಅತ್ಯಂತ ಹಳೆಯದೆಂಬ ಹೆಸರು ಅದಕ್ಕಿದೆ. ಹೊಪ್ಪೆ ಮೊದಲು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವರು, ಆಮೇಲೆ ವೈದ್ಯರಾದರು. 1818ರಲ್ಲಿ ಶುರುವಾದ 'ಫ್ಲೋರಾ' ಎಂಬ ಪತ್ರಿಕೆಯ ಹುಟ್ಟೂರೂ ಇದೇ. ಜರ್ಮನರು ವಾರದ ಕೊನೆಗೆ ಹೋಗಿ ಕೆಲಸ ಮಾಡುವ ಬಾಡಿಗೆ ತೋಟಗಳಿಗೆ 'ಶ್ರೇಬರ್‌ಗಾರ್ಟನ್' ಎನ್ನುತ್ತಾರಲ್ಲ, ಆ ಹೆಸರಿನ ಮೋರಿಟ್ಸ್ ಶ್ರೇಬರ್ ಕೂಡ ಲೈಪ್‌ಜಿಗ್‌ನ ವೈದ್ಯರೇ. ಅವರು 1861ರಲ್ಲಿ ತೀರಿಕೊಂಡ ಕೆಲವು ವರ್ಷಗಳ ನಂತರ ಅವರ ಹೆಸರಿನಲ್ಲಿ ಸಂಘ ಹುಟ್ಟಿತು. ಹಾಗಾಗಿ ಸ್ಟೆತೊಸ್ಕೋಪ್ ಹಿಡಿದವನ ಕೈಯಲ್ಲಿ ಗುದ್ದಲಿ ಕಂಡರೆ ಆಶ್ಚರ್ಯಪಡಬೇಡಿ.

ನಮಗೆ ಇನ್ನೂ ಹತ್ತಿರದ ಹೆಸರು ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಡ್ರೆಸ್ಡನ್ ಬಳಿಯ ಲೋಮನ್ ಎಂಬಲ್ಲಿ 1865ರಲ್ಲಿ ಹುಟ್ಟಿದ ಈ ಜರ್ಮನ್ ತೋಟಗಾರ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾಕ್ಕೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನ ಸೇರಿ ಲಾಲ್‌ಬಾಗಿನ ಹೊಣೆ ಹೊತ್ತರು. ಒಂದು ಜಾತಿಯ ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದ ಯೋಚನೆ ಅವರದು. ತಾಯ್ನಾಡಿಗೆ ಮರಳದೆ 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅಲ್ಲಿಯ ಜರ್ಮನ್ನರೊಬ್ಬರು ನಮ್ಮ ಊರನ್ನು ಹೂವಾಗಿಸಿದರು. ನಾವು ಇಲ್ಲಿ ಒಂದು ಕುಂಡ ಕರಿಬೇವನ್ನಾದರೂ ಉಳಿಸಿಕೊಳ್ಳೋಣ.

ಹೊರಗಿನ ಮಡಿ: ಚಳಿಗೆ ಹೆದರದ ಸೊಪ್ಪುಗಳು

ಚಳಿಗಾಲದ ತೋಟದ ಗುಟ್ಟು ಇಷ್ಟೇ: ಚಳಿಗಾಲದಲ್ಲಿ ಬೆಳೆಸುವುದಲ್ಲ, ಚಳಿಗಾಲಕ್ಕೆ ಮೊದಲೇ ಬೆಳೆಸಿ ಮಡಿಯಲ್ಲೇ ಕಾಪಿಡುವುದು. ಹಿಮದ ಮಡಿಯೇ ನಮ್ಮ ಫ್ರಿಜ್ಜು.

ಇಲ್ಲಿಯವರು 'ಫೆಲ್ಡ್‌ಸಲಾಟ್' ಎನ್ನುವ ಪುಟ್ಟ ಎಲೆಯ ಸೊಪ್ಪನ್ನು ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಬಿತ್ತಿದರೆ ಚಳಿಗಾಲವಿಡೀ ಕೊಯ್ಯಬಹುದು. ಕೋಸಂಬರಿಗೆ ಹಾಕಿ ನೋಡಿ, ಚೆನ್ನಾಗಿರುತ್ತದೆ. ಎಲೆ ಹೆಪ್ಪುಗಟ್ಟಿರುವಾಗ ಮಾತ್ರ ಮುಟ್ಟಬೇಡಿ. ಕರಗಿದ ಮೇಲೆ ಕೊಯ್ಯಿರಿ. ಪಾಲಕ್ ಕೂಡ ಸೆಪ್ಟೆಂಬರ್ ಮಧ್ಯದವರೆಗೆ ಬಿತ್ತಬಹುದು. 'ಗ್ರೂನ್‌ಕೋಲ್' ಎಂಬ ಗುಂಗುರು ಎಲೆಯ ಕೋಸು ಚಳಿ ಬಿದ್ದಷ್ಟೂ ಸಿಹಿಯಾಗುತ್ತದೆ. ಚಳಿಯಲ್ಲಿ ಎಲೆ ಸಕ್ಕರೆ ತಯಾರಿಸುತ್ತಲೇ ಇರುತ್ತದೆ, ಖರ್ಚು ಮಾಡುವುದು ಕಡಿಮೆ. ಅದರ ಪಲ್ಯಕ್ಕೆ ತೆಂಗಿನತುರಿ ಹಾಕಿದರೆ ನುಗ್ಗೆಸೊಪ್ಪಿನ ಪಲ್ಯದ ತಮ್ಮನಂತಿರುತ್ತದೆ. ಬೆಳ್ಳುಳ್ಳಿಯನ್ನು ಅಕ್ಟೋಬರಿನಲ್ಲೇ ಊರಿಬಿಡಿ. ಗೆಡ್ಡೆ ಎಸಳೆಸಳಾಗಲು ಅದಕ್ಕೆ ಚಳಿ ಬೇಕೇ ಬೇಕು.

ಕೊತ್ತಂಬರಿಯ ವಿಷಯದಲ್ಲಿ ನಾವೆಲ್ಲ ಮಾಡುವ ತಪ್ಪೆಂದರೆ ಬೇಸಿಗೆಯಲ್ಲಿ ಬಿತ್ತುವುದು. ಇಲ್ಲಿನ ಉದ್ದನೆಯ ಹಗಲಿಗೆ ಅದು ಎಲೆ ಬಿಡುವ ಮುಂಚೆಯೇ ಹೂವಿಗೆ ಹೋಗುತ್ತದೆ. ಆಗಸ್ಟ್ ಕೊನೆಯಲ್ಲಿ ಬಿತ್ತಿ. ಸಣ್ಣಪುಟ್ಟ ಮಂಜನ್ನೂ ತಡೆದುಕೊಂಡು ನವೆಂಬರಿನವರೆಗೆ ಸಾರಿಗೆ ಒದಗುತ್ತದೆ. ತೋಟದ ಅಂಗಡಿಯಲ್ಲಿ ಸಿಗುವ ಬಿಳಿಯ ತೆಳುಬಟ್ಟೆಯನ್ನು ಮಡಿಗೆ ಹೊದಿಸಿದರೆ ಇನ್ನೂ ಕೆಲವು ವಾರ ಸಿಗುತ್ತದೆ.

ಒಳಗಿನ ಕುಂಡ: ತುಳಸಿ, ಕರಿಬೇವು, ದೊಡ್ಡಪತ್ರೆ

ನಮ್ಮ ಉತ್ಥಾನ ದ್ವಾದಶಿ ಬರುವುದು ಸರಿಯಾಗಿ ತುಳಸಿ ಸಾಯುವ ಕಾಲಕ್ಕೆ! ರಾತ್ರಿಯ ಉಷ್ಣಾಂಶ 12 ಡಿಗ್ರಿಗಿಂತ ಕೆಳಗಿಳಿಯುವ ಮುನ್ನ, ಅಂದರೆ ಸೆಪ್ಟೆಂಬರಿನಲ್ಲೇ, ತುಳಸಿಯನ್ನೂ ಕರಿಬೇವನ್ನೂ ಒಳಗೆ ತನ್ನಿ. ತುಳಸಿಯ ತೆನೆಗಳನ್ನು ಚಿವುಟಿ, ಬೀಜ ಒಣಗಿಸಿ ಲಕೋಟೆಯಲ್ಲಿಡಿ. ತಾಯಿಗಿಡ ಹೋದರೂ ಮಾರ್ಚಿಯಲ್ಲಿ ಮರಿಗಳು ಹುಟ್ಟುತ್ತವೆ.

ಚಳಿಗಾಲದ ಗಿಡಗಳನ್ನು ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ನಮ್ಮ ಪ್ರೀತಿ. ಬೆಳಕು ಕಡಿಮೆಯಾದಾಗ ಗಿಡ ಕುಡಿಯುವ ನೀರೂ ಕಡಿಮೆ. ನಾವು ಮಾತ್ರ ದಿನಾ ಬೆಳಿಗ್ಗೆ ಪೂಜೆಯ ಹೆಸರಿನಲ್ಲಿ ಒಂದು ಚೊಂಬು ಸುರಿಯುತ್ತೇವೆ. ಬೇರು ಕೊಳೆಯುತ್ತದೆ, ಎಲೆ ಬಾಡುತ್ತದೆ. ಬಾಡಿತೆಂದು ಮತ್ತೆ ನೀರು! ನನ್ನ ಮೊದಲ ಮೂರು ತುಳಸಿಗಳು ಹೀಗೇ ಹೋದವು. ಮಣ್ಣಿಗೆ ಬೆರಳು ಚುಚ್ಚಿ ನೋಡಿ. ಎರಡು ಗೆಣ್ಣಿನಷ್ಟು ಒಣಗಿದ್ದರೆ ಮಾತ್ರ ನೀರು. ನವೆಂಬರಿನಿಂದ ಫೆಬ್ರವರಿಯವರೆಗೆ ಗೊಬ್ಬರಕ್ಕೆ ಉಪವಾಸ. ಕುಂಡದ ಸುತ್ತ ಸಣ್ಣ ಕಪ್ಪು ನೊಣ ಹಾರಾಡಿದರೆ ನೀರು ಹೆಚ್ಚಾಗಿದೆ ಎಂದೇ ಅರ್ಥ.

ಕರಿಬೇವು ಚಳಿಗಾಲದಲ್ಲಿ ಎಲೆ ಉದುರಿಸಿದರೆ ಕಂಗಾಲಾಗಬೇಡಿ. ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವವಿದೆ. ತಣ್ಣನೆಯ ಟೈಲ್ಸಿನ ಮೇಲೆ ಇಡದೆ ಕೆಳಗೊಂದು ಥರ್ಮೋಕೋಲ್ ತುಂಡು ಹಾಕಿ. ಹೀಟರಿನ ಒಣಗಾಳಿಗೆ ಎಲೆಯಡಿ ಕೆಂಪು ನುಸಿ ಬರುತ್ತದೆ. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನ ಷವರ್ ಸ್ನಾನ ಮಾಡಿಸಿ.

ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಗಿಡದ ರಕ್ತಹೀನತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ನೀರಿನ ಸುಣ್ಣ ಅದನ್ನು ಬೇರಿಗೆ ದಕ್ಕಲು ಬಿಡುವುದಿಲ್ಲ. ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗಿದಂತೆ! ನಮ್ಮ ನಲ್ಲಿ ನೀರಿನ ಸುಣ್ಣ ಎಷ್ಟೆಂದು ತಿಳಿಯಲು ಕೆಟಲಿನ ತಳ ನೋಡಿದರೆ ಸಾಕು. ಮಳೆನೀರು ಹಿಡಿದಿಡಿ, ಇಲ್ಲವೇ ಹಿಮ ಕರಗಿಸಿ, ಕೋಣೆಯ ಬಿಸಿಗೆ ಬಂದ ಮೇಲೆ ಹಾಕಿ.

ಬೆಳಕು ಸಾಲದಿದ್ದರೆ ಬಿಳಿಯ ಎಲ್‌ಇಡಿ ದೀಪ ತೂಗುಹಾಕಿ. 30 ವಾಟಿನ ದೀಪವನ್ನು ಗಿಡದ ತುದಿಯಿಂದ ಒಂದು ಅಡಿ ಮೇಲೆ, ದಿನಕ್ಕೆ 14 ಗಂಟೆ ಉರಿಸಿದರೆ ತಿಂಗಳಿಗೆ ಸುಮಾರು 13 ಯುನಿಟ್ ವಿದ್ಯುತ್. ಅದರ ಕೆಳಗೆ ಮೆಂತ್ಯ, ಸಾಸಿವೆ, ಹೆಸರುಕಾಳಿನ ಎಳೆಸಸಿ ಎಲ್ಲವೂ ಬರುತ್ತವೆ. ದೊಡ್ಡಪತ್ರೆಯಂತೂ ಮುರಿದು ಚುಚ್ಚಿದರೆ ಬದುಕುವ ಜಾತಿ. ಕುಂಡಗಳಿರುವ ಕೋಣೆಯ ಕಿಟಕಿಯನ್ನು ದಿನಕ್ಕೆ ಎರಡು ಮೂರು ಬಾರಿ ಐದು ನಿಮಿಷ ಪೂರ್ತಿ ತೆರೆಯಿರಿ, ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿದು ಮಕ್ಕಳಿಗೆ ಕೆಮ್ಮು. ತೆರೆಯುವ ಮುನ್ನ ಕುಂಡಗಳನ್ನು ಬದಿಗೆ ಸರಿಸಲು ಮರೆಯಬೇಡಿ.

ಫೆಬ್ರವರಿಯಿಂದ ಮೇ: ಅವಸರ ಬೇಡ

ಫೆಬ್ರವರಿಯಲ್ಲಿ ಮೆಣಸಿನಕಾಯಿ ಮತ್ತು ಬದನೆ ಬೀಜಗಳನ್ನು ಒಳಗೆ ಬಿತ್ತಿ; ಮೊಳೆಯಲು ಅವಕ್ಕೆ 25 ಡಿಗ್ರಿಯಷ್ಟು ಬಿಸಿ ಬೇಕು. ಮಾರ್ಚಿಯಲ್ಲಿ ಶುಂಠಿ, ಅರಿಶಿನ ಮತ್ತು ಏಷ್ಯನ್ ಅಂಗಡಿಯ ಕೆಸುವಿನ ಗೆಡ್ಡೆಗಳನ್ನು ಕುಂಡಕ್ಕೆ ಹಾಕಿದರೆ ಬೇಸಿಗೆಗೆ ಪತ್ರೊಡೆಯ ಎಲೆ ಸಿದ್ಧ. ಏಪ್ರಿಲಿನಲ್ಲಿ ಹೀರೆ, ಪಡವಲ. ಆದರೆ ಹೊರಗೆ ನೆಡುವುದು ಮೇ 15ರ ನಂತರ ಮಾತ್ರ. ಮೇ 11ರಿಂದ 15ರವರೆಗಿನ ದಿನಗಳನ್ನು ಇಲ್ಲಿಯವರು 'ಹಿಮದ ಸಂತರ' ದಿನಗಳೆನ್ನುತ್ತಾರೆ, ಕೊನೆಯವಳು 'ಚಳಿ ಸೋಫಿ'. ನಮ್ಮ ರೈತರ ಮಳೆ ನಕ್ಷತ್ರಗಳಂತೆಯೇ ಇದು. 2017ರ ಏಪ್ರಿಲಿನಲ್ಲಿ ಬಿಸಿಲು ಕಂಡು ಮೋಸಹೋಗಿ ಸಸಿಗಳನ್ನೆಲ್ಲ ಹೊರಗಿಟ್ಟೆ. ತಿಂಗಳ ಮೂರನೆಯ ವಾರದ ಮಂಜು ಯೂರೋಪಿನ ಹಣ್ಣಿನ ತೋಟಗಳನ್ನೇ ಸುಟ್ಟಿತು, ನನ್ನ ಬದನೆಯ ಮಾತೇನು!

ಎರಡು ಎಚ್ಚರಿಕೆ ಹೇಳಬೇಕು. ಒಂದು, ಊರಿನಿಂದ ಬರುವಾಗ ಬೀಜ, ಗಿಡ, ಕರಿಬೇವಿನ ಕಟ್ಟು ಸೂಟ್‌ಕೇಸಿನಲ್ಲಿ ತರಬೇಡಿ. 2019ರ ಡಿಸೆಂಬರ್ 14ರಿಂದ ಯೂರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ತರುವ ಇಂಥವಕ್ಕೆ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಕರಿಬೇವು ನಿಂಬೆಯ ಕುಟುಂಬದ್ದು. ನಿಂಬೆ, ಕಿತ್ತಳೆ ಗಿಡಗಳ ದೊಡ್ಡ ರೋಗವನ್ನು ಹರಡುವ ಕೀಟ ಅದರ ಮೇಲೂ ಬದುಕುತ್ತದೆ. ಎರಡು, ಮಾರ್ಚಿ-ಏಪ್ರಿಲಿನಲ್ಲಿ ಕಾಡಿನಲ್ಲಿ ಬೆಳ್ಳುಳ್ಳಿ ವಾಸನೆಯ 'ಬೇರ್‌ಲೌಖ್' ಸೊಪ್ಪು ಕೀಳುವವರು ಜಾಗ್ರತೆ. ಅದೇ ಜಾಗದಲ್ಲಿ ಅದೇ ರೂಪದ 'ಹೆರ್ಬ್‌ಸ್ಟ್‌ಟ್ಸೈಟ್‌ಲೋಸೆ' ಎಂಬ ವಿಷದ ಎಲೆಯೂ ಬರುತ್ತದೆ. ಅದರ ಕಾಲ್ಚಿಸಿನ್ ವಿಷ ಪ್ರಾಣ ತೆಗೆಯುವಂಥದ್ದು. ಒಂದು ಸಲ ಕೈಗೆ ಬೆಳ್ಳುಳ್ಳಿ ವಾಸನೆ ಹತ್ತಿದ ಮೇಲೆ ಮೂಗನ್ನು ನಂಬುವಂತಿಲ್ಲ. ಖಚಿತವಿಲ್ಲದಿದ್ದರೆ ಅಂಗಡಿಯಿಂದಲೇ ತನ್ನಿ.

ಒಂದು ಬಸಳೆ ಬಳ್ಳಿಯ ಕಥೆ

ಅಮ್ಮ ಹಿಂತಿರುಗುವ ಮುಂಚೆ, 2013ರ ಜನವರಿಯಲ್ಲಿ, ಮ್ಯೂನಿಕ್‌ನ ಏಷ್ಯನ್ ಅಂಗಡಿಯಲ್ಲಿ ಒಂದು ಕಟ್ಟು ಬಸಳೆ ಸಿಕ್ಕಿತು. ಎಲೆಯನ್ನು ಹುಳಿಗೆ ಹಾಕಿ ದಂಟುಗಳನ್ನು ಅಮ್ಮ ನೀರಿನ ಲೋಟದಲ್ಲಿ ಇಟ್ಟರು. ಬೇರು ಬಂತು. "ನಾನು ಹೋದ್ಮೇಲೆ ಇದನ್ನ ಸಾಯಿಸಬೇಡ" ಎಂದು ಹೇಳಿ ವಿಮಾನ ಹತ್ತಿದರು. ಆ ಬಳ್ಳಿ ಬೇಸಿಗೆಯಲ್ಲಿ ಬಾಲ್ಕನಿ ತುಂಬುತ್ತಿತ್ತು, ಚಳಿಗಾಲಕ್ಕೆ ನಾಲ್ಕು ತುಂಡಾಗಿ ಕಿಟಕಿಗೆ ಬರುತ್ತಿತ್ತು. ಪ್ರತಿ ಭಾನುವಾರ ಫೋನಿನಲ್ಲಿ ಅಮ್ಮ ಮೊಮ್ಮಕ್ಕಳ ಕ್ಷೇಮದ ನಂತರ ಕೇಳುತ್ತಿದ್ದದ್ದು ಅದನ್ನೇ. 2019ರಲ್ಲಿ ಅಮ್ಮ ತೀರಿಕೊಂಡರು. ಬಳ್ಳಿ ಉಳಿದಿತ್ತು.

2022ರ ಡಿಸೆಂಬರ್. ಗ್ಯಾಸಿನ ಬೆಲೆ ಏರಿ ಜರ್ಮನಿಯೆಲ್ಲ ಹೀಟರ್ ತಗ್ಗಿಸಿದ ಚಳಿಗಾಲ. ನಾವೂ ತಗ್ಗಿಸಿ, ರಜೆಗೆಂದು ಹತ್ತು ದಿನ ಊರು ಬಿಟ್ಟೆವು. ಬಂದು ನೋಡಿದರೆ ಕಿಟಕಿಯ ನಾಲ್ಕೂ ಬಸಳೆ ತುಂಡುಗಳು ಕಪ್ಪಗೆ ಕರಗಿ ಲೋಳೆಯಾಗಿದ್ದವು. ಐವತ್ತು ದಾಟಿದ ಗಂಡಸು ಒಂದು ಸೊಪ್ಪಿನ ಗಿಡಕ್ಕಾಗಿ ಅಡಿಗೆಮನೆಯಲ್ಲಿ ನಿಂತು ಅಳುವುದನ್ನು ನನ್ನ ಮಗಳು ಅಂದು ಮೊದಲ ಸಲ ನೋಡಿದಳು.

ಆಗ ನನ್ನ ಹೆಂಡತಿಗೆ ನೆನಪಾಯಿತು. ಹಿಂದಿನ ಬೇಸಿಗೆಯಲ್ಲಿ ಪಕ್ಕದ ಬೀದಿಯ ಕನ್ನಡ ಹುಡುಗಿಯೊಬ್ಬಳು, ಹೊಸದಾಗಿ ಮದುವೆಯಾಗಿ ಬಂದವಳು, "ಆಂಟಿ, ನನಗೂ ಒಂದು ತುಂಡು ಕೊಡಿ" ಎಂದು ಒಯ್ದಿದ್ದಳು. ಫೋನ್ ಮಾಡಿದರೆ, "ಇದೆಯಲ್ಲ ಆಂಟಿ, ಬಚ್ಚಲಮನೆ ಕಿಟಕಿಯಲ್ಲಿ ಚೆನ್ನಾಗಿದೆ" ಎಂದಳು. ಸಂಜೆಯೇ ಹೋಗಿ ಗೇಣುದ್ದದ ತುಂಡೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೋಟಿನೊಳಗೆ ಎದೆಗೆ ಒತ್ತಿಕೊಂಡು ತಂದೆ. ಇಂದು ನಮ್ಮ ಬಾಲ್ಕನಿಯಲ್ಲಿರುವುದು ಅದೇ ಬಳ್ಳಿ. ನಾವು ಜೋಪಾನ ಮಾಡಿ ಇಟ್ಟುಕೊಂಡದ್ದು ಹೋಯಿತು, ಕೊಟ್ಟದ್ದು ಉಳಿಯಿತು.

ಇದು ಗಿಡಕ್ಕಷ್ಟೇ ಅಲ್ಲ, ನಮ್ಮ ಮಾತಿಗೂ, ಹಬ್ಬಕ್ಕೂ, ಅಡಿಗೆಗೂ ಸಲ್ಲುವ ಮಾತೆಂದು ನನಗನ್ನಿಸುತ್ತದೆ. ಈ ಸಲದ ಹಬ್ಬದೂಟಕ್ಕೆ ಬರುವಾಗ ನಿಮ್ಮ ಮನೆಯ ದೊಡ್ಡಪತ್ರೆಯ ಒಂದು ಕೊನೆ, ಒಂದು ಚಿಟಿಕೆ ತುಳಸಿ ಬೀಜ, ಏನಿದೆಯೋ ಅದನ್ನು ತನ್ನಿ. ಊಟದ ಹಾಲಿನ ಬಾಗಿಲ ಬಳಿ ಒಂದು ಮೇಜು ಹಾಕೋಣ. ನಾನು ಬಸಳೆಯ ದಂಟುಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ತರುತ್ತೇನೆ. ಒಯ್ದು, ಲೋಟದ ನೀರಿನಲ್ಲಿಟ್ಟು, ಬೇರು ಬಂದ ಮೇಲೆ ಇನ್ನೊಬ್ಬರಿಗೆ ಒಂದು ತುಂಡು ಕೊಡಿ.